ಸ್ಮೃತಿಯ ಸಾಕ್ಷ್ಯ ಮತ್ತು ದಾಖಲೆಯ ಸಾಕ್ಷ್ಯ

‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ನಾಣ್ಣುಡಿ ಇತಿಹಾಸದ ಅಭ್ಯಾಸಿಗೇ ಹೇಳಿದಂತಿದೆ. ಮನಸ್ಸನ್ನು ಕಲಕಿದ ಘಟನೆಯ ನೆನಪು ಅಳಿಸಲಾರದ್ದೆಂದು ನಾವು ಸಾಮಾನ್ಯವಾಗಿ ನಂಬುತ್ತೇವೆ. 1977ರಲ್ಲಿ ಬ್ರೌನ್ ಮತ್ತು ಕುಲಿಕ್ ಎಂಬ ಮನಶ್ಶಾಸ್ತ್ರಜ್ಞರು ಇಂತಹ ಸ್ಮೃತಿಯನ್ನು ಮಿಂಚುಬೆಳಕಿನಲ್ಲಿ ತೆಗೆದ ಛಾಯಾಚಿತ್ರಕ್ಕೆ ಹೋಲಿಸಿದರು. ಈ ನಂಬಿಕೆ ಎಷ್ಟರಮಟ್ಟಿಗೆ ಸಾಧುವೆಂಬುದನ್ನು ಒಂದೇ ದುರಂತದ ಎರಡು ಪರಿಣಾಮಗಳ ಮೂಲಕ ಇಲ್ಲಿ ಪರಿಶೀಲಿಸುತ್ತೇವೆ.

1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ನೌಕೆಯು ಮೇಲೇರಿದ 73 ಸೆಕೆಂಡುಗಳಲ್ಲಿ ಒಡೆದು, ಅದರಲ್ಲಿದ್ದ 7 ಮಂದಿಯೂ ಮಡಿದರು. ಮರುದಿನ ಬೆಳಗ್ಗೆ ಎಮೊರಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳು, ಆ ಸುದ್ದಿ ತಮಗೆ ಎಲ್ಲಿ, ಯಾರಿಂದ ತಿಳಿಯಿತೆಂಬುದನ್ನು ಅಲ್ರಿಕ್ ನೈಸರ್ ಅವರಿಗೆ ಬರೆದುಕೊಟ್ಟರು. ಎರಡೂವರೆ ವರ್ಷಗಳ ಬಳಿಕ ನೈಸರ್ ಮತ್ತು ನಿಕೋಲ್ ಹಾರ್ಷ್ ಅವರಲ್ಲಿ 44 ಮಂದಿಯನ್ನು ಮತ್ತೆ ಕೇಳಿದರು. ಮೊದಲ ಬರಹಕ್ಕೆ ಸಂಪೂರ್ಣವಾಗಿ ಹೊಂದಿದ ಉತ್ತರ 3 ಮಂದಿಯದು ಮಾತ್ರ. 11 ಮಂದಿಯ ಹೇಳಿಕೆ ಮುಖ್ಯಾಂಶಗಳೆಲ್ಲದರಲ್ಲಿಯೂ ತಪ್ಪಾಗಿತ್ತು. ತರಗತಿಯಲ್ಲಿ ಸುದ್ದಿ ಕೇಳಿದೆನೆಂದು ಬರೆದಿದ್ದ ಒಬ್ಬರು, ವಸತಿಗೃಹದಲ್ಲಿ ಕುಳಿತು ದೂರದರ್ಶನದಲ್ಲಿ ಕಂಡೆನೆಂದು ನಿಸ್ಸಂದೇಹವಾಗಿ ನುಡಿದರು. ತಮ್ಮದೇ ಕೈಬರಹವನ್ನು ತೋರಿಸಿದಾಗಲೂ ಅವರಿಗೆ ಹಳೆಯ ನೆನಪು ಮರಳಲಿಲ್ಲ. ಇವರಾರೂ ಸುಳ್ಳುಗಾರರಲ್ಲ, ನೆನಪು ತಿಳಿಯದಂತೆಯೇ ರೂಪಾಂತರ ಹೊಂದಿತ್ತು.

ಅದೇ ದುರಂತವು ಗುರುಗ್ರಹದ ಯಾತ್ರೆಯೊಂದರ ಹಾದಿಯನ್ನೂ ಬದಲಿಸಿತು. ಗೆಲಿಲಿಯೊ ನೌಕೆಯು 1986ರ ಮೇ ತಿಂಗಳಲ್ಲಿ ಸೆಂಟಾರ್ ಎಂಬ ಪ್ರಬಲ ರಾಕೆಟ್ಟಿನ ನೆರವಿನಿಂದ ನೇರವಾಗಿ ಗುರುವಿನತ್ತ ಹೊರಡಬೇಕಾಗಿತ್ತು. ಮನುಷ್ಯರಿರುವ ನೌಕೆಯಲ್ಲಿ ದ್ರವ ಜಲಜನಕ ತುಂಬಿದ ಆ ರಾಕೆಟ್ಟನ್ನು ಒಯ್ಯುವುದು ಅಪಾಯಕರವೆಂದು ಚಾಲೆಂಜರ್ ದುರಂತದ ತರುವಾಯ ಅದನ್ನು ಕೈಬಿಟ್ಟರು. ಉಳಿದ ರಾಕೆಟ್ಟಿಗೆ ಅಷ್ಟು ಬಲವಿರಲಿಲ್ಲ. ಆದುದರಿಂದ 1989ರ ಅಕ್ಟೋಬರ್ 18ರಂದು ಹೊರಟ ಗೆಲಿಲಿಯೊ 1990ರಲ್ಲಿ ಶುಕ್ರನನ್ನೂ, 1990 ಮತ್ತು 1992ರಲ್ಲಿ ಭೂಮಿಯನ್ನೂ ಬಳಸಿ ಸಾಗಿತು. ಗ್ರಹದ ಬಳಿ ಹಾಯುವ ನೌಕೆಯ ಪಥವು ಅದರ ಗುರುತ್ವದಿಂದ ಬಾಗುತ್ತದೆ. ಸೂರ್ಯನನ್ನು ಸುತ್ತುವ ಆ ಗ್ರಹದ ಚಲನೆಯ ಕಿಂಚಿತ್ ಪಾಲು ನೌಕೆಗೆ ದೊರೆತು ಇಂಧನವು ಉಳಿಯುತ್ತದೆ. ನೌಕೆ ಗುರುವನ್ನು ಸೇರಿದ್ದು 1995ರ ಡಿಸೆಂಬರ್ 7ರಂದು.

ಫಲವನ್ನಷ್ಟೇ ಕಂಡವನಿಗೆ ಈ ಬಳಸುದಾರಿ ಮೊದಲಿನಿಂದಲೂ ಆಯ್ದುಕೊಂಡ ಮಿತವ್ಯಯದ ಉಪಾಯವೆಂದು ತೋರೀತು. ದುರಂತಕ್ಕೆ ಹಿಂದಿನ ಯೋಜನೆಯನ್ನು ನೋಡಿದವನು ಮಾತ್ರ ಅದು ಅನಿವಾರ್ಯತೆಯ ಫಲವೆಂದು ಅರಿಯುತ್ತಾನೆ. ವಿದ್ಯಾರ್ಥಿಗಳ ನೆನಪನ್ನು ತೂಗಲು ಮರುದಿನದ ಬರಹ ಬೇಕಾದಂತೆ, ಇಲ್ಲಿಯೂ ಆ ಕಾಲದ ಬರಹವೇ ಬೇಕಾಯಿತು.

ಹಿರಿಯರ ಬಾಯಿಂದ ಇತಿಹಾಸವನ್ನು ಸಂಗ್ರಹಿಸುವ ನಾವು ಇದರಿಂದ ಕಲಿಯತಕ್ಕದ್ದುಂಟು. ಸಾಕ್ಷಿಯ ಕಣ್ಣೀರು ಅವನ ದುಃಖಕ್ಕೆ ಪ್ರಮಾಣ. ದಿನ, ಸ್ಥಳ, ಆಡಿದ ಮಾತುಗಳಿಗೆ ಪ್ರಮಾಣವಲ್ಲ. ಅವನನ್ನು ಗೌರವದಿಂದ ಕೇಳೋಣ, ಕೇಳಿದ ದಿನಾಂಕವನ್ನು ತಪ್ಪದೆ ಬರೆದಿಡೋಣ, ಅಂದಿನ ಕಾಗದ ದೊರೆತಲ್ಲಿ ಎರಡನ್ನೂ ಹೋಲಿಸೋಣ. ಎರಡೂ ಹೊಂದದಿದ್ದರೆ ಅವನನ್ನು ಸುಳ್ಳುಗಾರನೆನ್ನುವ ಅಧಿಕಾರ ಮಾತ್ರ ನಮಗಿಲ್ಲ.