ದೃಷ್ಟಿಭೇದ ಮತ್ತು ನಯಭೇದ: ಪಾಠಶೋಧನೆಯ ಒಂದು ಸಮಸ್ಯೆ

ಒಂದೇ ವಸ್ತುವನ್ನು ನೋಡಿದ ಇಬ್ಬರು ಅದನ್ನು ಎರಡು ಬಗೆಯಾಗಿ ಹೇಳುವುದು ಲೋಕಾನುಭವಸಿದ್ಧವಾದ ಸಂಗತಿ. ಜೈನದರ್ಶನವು ಇದಕ್ಕೆ ಅನೇಕಾಂತವೆಂಬ ಸಮಾಧಾನವನ್ನು ಕೊಟ್ಟಿದೆಯೆಂಬುದು ವಿದ್ವಾಂಸರಿಗೆ ವಿದಿತವಾದುದೇ. ಆದರೆ ಹಸ್ತಪ್ರತಿಗಳ ಪಾಠದ ವಿಷಯದಲ್ಲಿ ಭಿನ್ನಾಭಿಪ್ರಾಯ ತಲೆದೋರಿದಾಗ ‘ಇದೂ ಸರಿ, ಅದೂ ಸರಿ’ ಎಂದು ಚರ್ಚೆಯನ್ನು ಮುಗಿಸುವುದಕ್ಕೂ ಅನೇಕಾಂತದ ಹೆಸರನ್ನೇ ಮುಂದೊಡ್ಡುವುದುಂಟು. ಇದು ಆಚಾರ್ಯರಿಗೆ ಸಮ್ಮತವೇ ಎಂಬುದನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಕಲಬುರಗಿ ಸೀಮೆಯ ಎರಡು ನಿದರ್ಶನಗಳನ್ನು ನೋಡಬಹುದು. 1347ರಲ್ಲಿ ಬಹಮನಿ ಅರಸರ ರಾಜಧಾನಿಯಾದ ಈ ನಗರದ ಹೆಸರು ಪಾರಸಿ ಬಲ್ಲವರ ಕಿವಿಗೆ ‘ಗುಲ್’ (ಹೂವು), ‘ಬರ್ಗ್’ (ಎಲೆ) ಎಂದು ಬಿದ್ದಿತು. ಕನ್ನಡಿಗರ ಕಿವಿಗೆ ಅದರಲ್ಲಿ ‘ಕಲ್ಲು’ ಕೇಳಿಸಿತು. ಧ್ವನಿ ಬಹುಮಟ್ಟಿಗೆ ಒಂದೇ. ಶ್ರೋತೃಗಳ ಭಾಷಾಸಂಸ್ಕಾರ ಬೇರೆ. ಇಬ್ಬರಿಗೂ ಹಾಗೆ ಕೇಳಿಸಿದ್ದು ನಿಜ. ಆದರೆ ಊರಿಗೆ ಹೆಸರು ಬಂದದ್ದು ಯಾವ ಭಾಷೆಯಿಂದ ಎಂಬ ಪ್ರಶ್ನೆಗೆ ಎರಡು ಉತ್ತರಗಳಿಲ್ಲ. ಬಹಮನಿಗಳಿಗಿಂತ ಹಿಂದಿನ ಕನ್ನಡ ಶಾಸನಗಳಲ್ಲಿ ಈ ಹೆಸರು ಕಕಾರಾದಿಯಾಗಿಯೇ ಇದೆ. 2014ರಲ್ಲಿ ಸರ್ಕಾರವು ಕಲಬುರಗಿ ಎಂಬ ರೂಪವನ್ನು ಅಧಿಕೃತವಾಗಿ ಅಂಗೀಕರಿಸಿತು.

ನಗರದಿಂದ ಹುಮನಾಬಾದಿನ ಹಾದಿಯಲ್ಲಿರುವ ಕಮಲಾಪುರವು ಕೆಂಬಾಳೆಗೆ ಹೆಸರಾದುದು. ಆ ಬಾಳೆಗೆ ಭೌಗೋಳಿಕ ಸೂಚಿಯ ಮಾನ್ಯತೆಯೂ ದೊರೆತಿದೆ. ಅದೇ ಗೊನೆಯನ್ನು ಹಗಲಿನಲ್ಲಿ ಕಂಡವನು ಕೆಂಪೆನ್ನುತ್ತಾನೆ; ಮಬ್ಬುಗತ್ತಲಲ್ಲಿ ಕಂಡವನಿಗೆ ಅದು ಕಪ್ಪಾಗಿ ತೋರುತ್ತದೆ. ಸುಲಿದವನು ಒಳಗಿನ ತಿರುಳು ಕೆಂಪಲ್ಲವೆನ್ನುತ್ತಾನೆ. ಕಣ್ಣಿಲ್ಲದವನು ಗಂಧದಿಂದಲೂ ರಸದಿಂದಲೂ ಅದನ್ನು ಅರಿಯುತ್ತಾನೆ. ಪುದ್ಗಲದ್ರವ್ಯವು ಸ್ಪರ್ಶ, ರಸ, ಗಂಧ, ವರ್ಣಗಳೆಂಬ ಗುಣಗಳುಳ್ಳದ್ದಾದುದರಿಂದ ಸಿಪ್ಪೆಯನ್ನು ಹೇಳಿದವನಿಗೂ ತಿರುಳನ್ನು ಹೇಳಿದವನಿಗೂ ರಸವನ್ನು ಹೇಳಿದವನಿಗೂ ವಿರೋಧವಿಲ್ಲ. ಸಿಪ್ಪೆಯೇ ಕಪ್ಪೆಂದು ಸಾಧಿಸುವವನ ಮಾತು ಮಾತ್ರ ಈ ಸಾಲಿಗೆ ಸೇರದು. ಬೆಳಕು ಬಂದೊಡನೆ ಅದು ಬಾಧಿತವಾಗುತ್ತದೆ.

ಈ ವಿವೇಕವನ್ನು ನಮ್ಮ ಆಚಾರ್ಯರು ಶಾಸ್ತ್ರವಾಗಿಯೇ ನಿರೂಪಿಸಿದ್ದಾರೆ. ತತ್ತ್ವಾರ್ಥಸೂತ್ರದ ಪ್ರಥಮಾಧ್ಯಾಯವು ಮತಿಜ್ಞಾನಕ್ಕೆ ಅವಗ್ರಹ, ಈಹಾ, ಅವಾಯ, ಧಾರಣಾ ಎಂಬ ನಾಲ್ಕು ಭೇದಗಳನ್ನು ಹೇಳಿ, ಬಹು, ಬಹುವಿಧ, ಕ್ಷಿಪ್ರ, ಅನಿಃಸೃತ, ಅನುಕ್ತ, ಧ್ರುವ ಎಂಬ ಆರು ಹಾಗೂ ಅವುಗಳ ಪ್ರತಿಪಕ್ಷಗಳಾದ ಆರು, ಅಂತು 12 ವಿಷಯಪ್ರಕಾರಗಳನ್ನು ಎಣಿಸುತ್ತದೆ. ಐದು ಇಂದ್ರಿಯಗಳು ಮತ್ತು ಮನಸ್ಸಿನಿಂದ ಗುಣಿಸಿದರೆ ಅರ್ಥವಿಷಯಕವಾದ 288 ಭೇದಗಳಾಗುತ್ತವೆ. ಕಣ್ಣು ಮತ್ತು ಮನಸ್ಸು ವಸ್ತುವನ್ನು ಮುಟ್ಟದೆ ಅರಿಯುವುದರಿಂದ ವ್ಯಂಜನಾವಗ್ರಹವು ಉಳಿದ ನಾಲ್ಕು ಇಂದ್ರಿಯಗಳಿಗೆ ಮಾತ್ರ. ಅದರ ಭೇದಗಳು 48. ಒಟ್ಟು 336. ವಸ್ತು ಒಂದೇ ಆಗಿದ್ದರೂ ಜ್ಞಾತೃಗಳ ಕ್ಷಯೋಪಶಮದ ತಾರತಮ್ಯದಿಂದ ಒಬ್ಬನು ಬೇಗನೆಯೂ ಇನ್ನೊಬ್ಬನು ನಿಧಾನವಾಗಿಯೂ, ಒಬ್ಬನು ಹಲವನ್ನೂ ಇನ್ನೊಬ್ಬನು ಒಂದನ್ನೇ ಅರಿಯುತ್ತಾರೆಂಬುದು ಇದರ ತಾತ್ಪರ್ಯ. ಅನಿಃಸೃತಕ್ಕೆ ಗೊಮ್ಮಟಸಾರದಲ್ಲಿ ನೀರಿನಿಂದ ಹೊರಗೆ ಕಾಣುವ ಸೊಂಡಿಲಿನಿಂದ ಮುಳುಗಿರುವ ಆನೆಯನ್ನು ಅರಿಯುವ ನಿದರ್ಶನವಿದೆ. ನಮೆದ ಓಲೆಗರಿಯಲ್ಲಿ ಅಕ್ಷರದ ಒಂದು ಕೊನೆಯನ್ನು ಕಂಡು ಪೂರ್ತಿ ಅಕ್ಷರವನ್ನು ಗುರುತಿಸುವ ಲಿಪಿಜ್ಞನ ಅರಿವೂ ಈ ಜಾತಿಯದೇ.

ಆದರೆ ಇದೇ ಶಾಸ್ತ್ರವು ಸಂಶಯ, ವಿಪರ್ಯಯ, ಅನಧ್ಯವಸಾಯಗಳನ್ನು ಪ್ರಮಾಣದಿಂದ ಹೊರಗಿರಿಸಿದೆ. ಜ್ಞಾತೃವಿನ ಅಭಿಪ್ರಾಯವಿಶೇಷವೇ ನಯವೆಂದು ಅಕಲಂಕದೇವರು ಲಘೀಯಸ್ತ್ರಯದಲ್ಲಿ ಪ್ರತಿಪಾದಿಸಿದ್ದಾರೆ. ಆದರೆ ಪ್ರಮಾಣದಿಂದ ಗೃಹೀತವಾದ ವಸ್ತುವಿನ ಏಕದೇಶವೇ ಆ ನಯದ ವಿಷಯ. ಪ್ರಮಾಣಕ್ಕೆ ಸಿಗದ್ದು ನಯಕ್ಕೂ ಸಿಗದು. ನಿರಪೇಕ್ಷನಯಗಳು ಮಿಥ್ಯೆಯೆಂಬ ಸಮಂತಭದ್ರಸ್ವಾಮಿಗಳ ನಿರ್ಣಯವೂ ಪ್ರಸಿದ್ಧವಾಗಿದೆ. ಆದುದರಿಂದ ದೃಷ್ಟಿಭೇದವೆಲ್ಲವೂ ನಯಭೇದವಲ್ಲ. ಕೆಲವು ನಯಭೇದ, ಕೆಲವು ಭ್ರಾಂತಿ.

ಅಕಲಂಕದೇವರ ಚರಿತ್ರೆಯೇ ಇದಕ್ಕೊಂದು ಉದಾಹರಣೆಯಾಗಿದೆ. ಪ್ರಭಾಚಂದ್ರನ ಕಥಾಕೋಶವು ಅವರನ್ನು ಮಾನ್ಯಖೇಟದ ಶುಭತುಂಗರಾಜನ ಮಂತ್ರಿ ಪುರುಷೋತ್ತಮನ ಮಗನೆನ್ನುತ್ತದೆ. ರಾಜವಾರ್ತಿಕದ ಪ್ರಥಮಾಧ್ಯಾಯದ ಕೊನೆಯಲ್ಲಿ ಬರುವ ಪದ್ಯವು ಲಘುಹವ್ವನೃಪನ ಮಗನೆನ್ನುತ್ತದೆ. ಒಬ್ಬ ವ್ಯಕ್ತಿಗೆ ಇಬ್ಬರು ಜನಕರು ಸಲ್ಲರು; ಇಲ್ಲಿ ಸ್ಯಾದ್ವಾದದ ನೆರವು ಬೇಡುವುದು ಯುಕ್ತವಲ್ಲ. ಶುಭತುಂಗನೆಂದರೆ 8ನೆಯ ಶತಮಾನದ ಒಂದನೆಯ ಕೃಷ್ಣ. ಕಾಗಿಣಾ ನದಿಯ ದಡದ ಮಳಖೇಡವು, ಎಂದರೆ ಮಾನ್ಯಖೇಟವು, ರಾಜಧಾನಿಯಾಗಿ ಮೆರೆದದ್ದು 9ನೆಯ ಶತಮಾನದ ಅಮೋಘವರ್ಷನ ಕಾಲದಿಂದ. ಕಥಾಕಾರನು ತನ್ನ ಕಾಲಕ್ಕೆ ಪ್ರಸಿದ್ಧವಾಗಿದ್ದ ರಾಷ್ಟ್ರಕೂಟ ರಾಜಧಾನಿಯನ್ನು ಹಿಂದಿನ ಕಾಲಕ್ಕೂ ಆರೋಪಿಸಿದಂತೆ ತೋರುತ್ತದೆ. ಅವನು ನಿಂತ ಕಾಲವನ್ನು ಅರಿತರೆ ಅವನ ಹೇಳಿಕೆಯ ಕಾರಣವು ತಿಳಿಯುತ್ತದೆ. ಕಾರಣ ತಿಳಿದ ಮಾತ್ರಕ್ಕೆ ಹೇಳಿಕೆಯು ಸತ್ಯವಾಗುವುದಿಲ್ಲ.

ಇದಕ್ಕಿಂತ ಗುರುತರವಾದ ಉದಾಹರಣೆ ಷಟ್ಖಂಡಾಗಮದ್ದು. ವೀರಸೇನಾಚಾರ್ಯರ ಧವಲಾಟೀಕೆ ಶಕ 738ರಲ್ಲಿ (ಕ್ರಿ.ಶ. 816) ಮುಗಿಯಿತೆಂದು ಬಹುಮಂದಿ ವಿದ್ವಾಂಸರ ಮತ. ಅವರ ಶಿಷ್ಯರಾದ ಜಿನಸೇನರು ಜಯಧವಲೆಯನ್ನು ಪೂರೈಸಿದ್ದು ಅಮೋಘವರ್ಷನ ಆಳ್ವಿಕೆಯ ಶಕ 759ರಲ್ಲಿ (837). ಹಳಗನ್ನಡ ಲಿಪಿಯ ಓಲೆಪ್ರತಿಗಳಾಗಿ ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಶತಮಾನಗಳ ಕಾಲ ಉಳಿದುಬಂದ ಈ ಗ್ರಂಥದ ಮೊದಲ ಸಂಪುಟವು 1939ರಲ್ಲಿ ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಪ್ರಕಟವಾಯಿತು. ಆಗ ಆಧಾರವಾಗಿದ್ದುದು ಮೂಲ ಓಲೆಗಳಲ್ಲ, ಪ್ರತಿಗಳ ಪ್ರತಿಗಳು.

ಸತ್ಪ್ರರೂಪಣೆಯ 93ನೆಯ ಸೂತ್ರವು ಮನುಷ್ಯಿನಿಯರು ಯಾವ ಯಾವ ಗುಣಸ್ಥಾನಗಳಲ್ಲಿ ನಿಯಮದಿಂದ ಪರ್ಯಾಪ್ತರೆಂಬುದನ್ನು ಹೇಳುತ್ತದೆ. ಆ ಪ್ರತಿಗಳಲ್ಲಿ ‘ಸಂಜದಾಸಂಜದ’ ಎಂಬುದರ ಮುಂದೆ ‘ಸಂಜದ’ ಎಂಬ ಪದವಿರಲಿಲ್ಲ. ಅದು ಇರಬೇಕೆಂದು ಸಂಪಾದಕರು ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ಪದವಿದ್ದರೆ ಸ್ತ್ರೀಮುಕ್ತಿಯ ಪ್ರಶ್ನೆ ಏಳುವುದೆಂದು ದಿಗಂಬರ ಪಂಡಿತವರ್ಗದಲ್ಲಿ ತೀವ್ರವಾದ ವಿವಾದ ನಡೆಯಿತು. ಮೂಡಬಿದಿರೆಯ ಓಲೆಗಳೊಡನೆ ಹೋಲಿಸಿದಾಗ ‘ಸಂಜದ’ ಪದವು ಅಲ್ಲಿ ದೊರೆಯಿತು. ಒಂದೇ ಅಕ್ಷರಪಂಕ್ತಿ ಒಡನೊಡನೆ ಮರುಕಳಿಸುವೆಡೆಯಲ್ಲಿ ಲಿಪಿಕಾರನ ಕಣ್ಣು ಜಾರಿ ಪದವು ಬಿಟ್ಟುಹೋಗಿರುವುದು ಸಂಭಾವ್ಯ.

ಇಲ್ಲಿ ಎರಡು ಪ್ರಶ್ನೆಗಳು ಒಂದರೊಳಗೊಂದು ಬೆರೆತಿದ್ದವು. ಗರಿಯ ಮೇಲೆ ಆ ಪದವಿದೆಯೇ ಎಂಬುದು ಮೊದಲನೆಯದು. ಇದು ಚಕ್ಷುರಿಂದ್ರಿಯದ ವಿಷಯ. ಓದಿ ನೋಡಿದರೆ ಉಂಟು, ಇಲ್ಲ ಎಂಬೆರಡರಲ್ಲಿ ಒಂದೇ ನಿಲ್ಲುತ್ತದೆ. ಅದರ ಅರ್ಥವೇನು ಎಂಬುದು ಎರಡನೆಯದು. ಇಲ್ಲಿಯೇ ದ್ರವ್ಯ ಮತ್ತು ಭಾವಗಳ ಅಪೇಕ್ಷಾಭೇದಕ್ಕೆ ಎಡೆಯಿದೆ. ಈ ಸೂತ್ರದಿಂದಲೇ ದ್ರವ್ಯಸ್ತ್ರೀಯರಿಗೆ ನಿರ್ವಾಣ ಸಿದ್ಧಿಸುವುದಲ್ಲವೇ ಎಂಬ ಶಂಕೆಯನ್ನು ವೀರಸೇನರು ತಾವೇ ಎತ್ತಿ, ಭಾವವೇದದ ದೃಷ್ಟಿಯಿಂದ ಪರಿಹರಿಸಿದ್ದಾರೆ. ಸೂತ್ರದಲ್ಲಿ ಆ ಪದವಿಲ್ಲದಿದ್ದರೆ ಶಂಕೆಗೇ ಆಸ್ಪದವಿಲ್ಲ. ಟೀಕಾಕಾರರು ಕಷ್ಟವಾದ ಪಾಠವನ್ನು ಕಂಡು ಅದನ್ನು ಅಳಿಸಲಿಲ್ಲ; ಉಳಿಸಿಕೊಂಡು ವ್ಯಾಖ್ಯಾನಿಸಿದರು. ಪದವನ್ನು ಕೈಬಿಡಬಯಸಿದವರು ಅರ್ಥದ ಭಯದಿಂದ ಅಕ್ಷರವನ್ನು ಕಾಣದೆ ಹೋದರು.

ಪಾಠಶೋಧಕನಿಗೆ ಇದರಿಂದ ದೊರೆಯುವ ಕ್ರಮ ಸ್ಪಷ್ಟವಾಗಿದೆ. ಹಳೆಯ ಓಲೆಗಳಲ್ಲಿ ಪದವಿಚ್ಛೇದವಿಲ್ಲ. ಎಕಾರ ಒಕಾರಗಳ ಹ್ರಸ್ವದೀರ್ಘಭೇದ ತೋರದು. ಪಕಾರ, ಮಕಾರ, ವಕಾರಗಳು ಒಂದನ್ನೊಂದು ಹೋಲುತ್ತವೆ. ಆದುದರಿಂದ ಇಬ್ಬರು ಸಜ್ಜನರು ಎರಡು ಬಗೆಯಾಗಿ ಓದುವುದು ಸಹಜ. ಅಂಥಲ್ಲಿ ಎರಡನ್ನೂ ದಾಖಲಿಸಿ, ಭೇದದ ಕಾರಣವು ಗರಿಯಲ್ಲಿದೆಯೇ, ಕಣ್ಣಿನಲ್ಲಿದೆಯೇ, ಅಥವಾ ಓದುಗನ ಮನಸ್ಸಿನಲ್ಲಿದೆಯೇ ಎಂಬುದನ್ನು ನಮೂದಿಸಬೇಕು. ಈಹೆಯನ್ನು ಅವಾಯವೆಂದು ಅಚ್ಚು ಹಾಕಬಾರದು. ಅನೇಕಾಂತವು ವಸ್ತುವಿನ ಅನಂತಧರ್ಮಗಳಿಗೆ ತೋರುವ ಗೌರವ. ನಮ್ಮ ಅಲಕ್ಷ್ಯಕ್ಕೆ ನೀಡುವ ರಕ್ಷೆಯಲ್ಲ.