ಪ್ಯಾರಿಷ್ ದಾಖಲೆಗಳಲ್ಲಿ ಇಂಗ್ಲೆಂಡಿನ ಪಾದ್ರಿ ಮನೆತನಗಳು

ಇಂಗ್ಲೆಂಡಿನ ಪ್ರತಿ ಪ್ಯಾರಿಷ್ ಚರ್ಚೂ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳನ್ನು ಪುಸ್ತಕದಲ್ಲಿ ಬರೆದಿಡಬೇಕೆಂದು ಎಂಟನೆಯ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ 1538ರಲ್ಲಿ ಆಜ್ಞೆ ಹೊರಡಿಸಿದ. ಪಾದ್ರಿಗಳ ಮದುವೆಗೆ ಕಾನೂನಿನ ಮಾನ್ಯತೆ ಸಿಕ್ಕಿದ್ದು 1549ರಲ್ಲಿ. ಮೇರಿ ರಾಣಿ ಅದನ್ನು ರದ್ದುಮಾಡಿದಳು. ಹಾಗಾಗಿ ಪಾದ್ರಿ ಮನೆತನಗಳ ವಂಶಾವಳಿಗಳು ಸಾಮಾನ್ಯವಾಗಿ ಎಲಿಜಬೆತ್ ಕಾಲದಿಂದೀಚಿನವು.

ನೇಮಕ ಬದಲಾದರೆ ಊರೂ ಬದಲಾಗುತ್ತಿದ್ದುದರಿಂದ ಒಂದೇ ಊರಿನ ಪುಸ್ತಕ ಸಾಲದು. ಕಾದಂಬರಿಗಾರ್ತಿ ಜೇನ್ ಆಸ್ಟೆನ್‌ಳ ತಂದೆ ಜಾರ್ಜ್ ಆಸ್ಟೆನ್ ಹ್ಯಾಂಪ್‌ಶೈರಿನ ಸ್ಟೀವೆಂಟನ್‌ನಲ್ಲಿ ರೆಕ್ಟರ್ ಆಗಿದ್ದ. ಆದರೆ 1764ರ ಅವನ ಮದುವೆಯನ್ನೂ 1805ರ ಶವಸಂಸ್ಕಾರವನ್ನೂ ಬಾತ್ ನಗರದ ವಾಲ್ಕಾಟ್ ಚರ್ಚಿನಲ್ಲಿ ಹುಡುಕಬೇಕು. ಹೆಂಡತಿ ಕಸಾಂಡ್ರಾ ಲೀ ಹಾರ್ಪ್ಸ್‌ಡೆನ್ ಪಾದ್ರಿಯ ಮಗಳು; ಇಂಥ ನೆಂಟಸ್ತನ ಆ ವರ್ಗದಲ್ಲಿ ಮಾಮೂಲು. ಗಂಡುಮಕ್ಕಳಲ್ಲಿ ಜೇಮ್ಸ್, ಹೆನ್ರಿ ಇಬ್ಬರೂ ಪಾದ್ರಿಗಳಾದರು. ಜೇನ್ ಹುಟ್ಟಿದ್ದು 1775ರ ಡಿಸೆಂಬರ್ 16ರಂದು, ಚರ್ಚಿನಲ್ಲಿ ವಿಧಿ ನಡೆದದ್ದು 1776ರ ಏಪ್ರಿಲ್ 5ರಂದು: ದೀಕ್ಷಾಸ್ನಾನದ ತಾರೀಖನ್ನೇ ಜನ್ಮದಿನವೆಂದು ನಂಬಿದರೆ ವರ್ಷವೇ ತಪ್ಪುತ್ತದೆ. ಪಾದ್ರಿಯ ಮನೆಯಲ್ಲಿ ರಿಜಿಸ್ಟರು ಮಕ್ಕಳ ಕೈಗೂ ಸಿಗುತ್ತಿತ್ತು. ಸ್ಟೀವೆಂಟನ್‌ನ ವಿವಾಹ ಪುಸ್ತಕದ ಮಾದರಿ ನಮೂನೆಗಳಲ್ಲಿ ಜೇನ್ ಕಲ್ಪಿತ ವರರೊಂದಿಗೆ ತನ್ನ ಮದುವೆಯನ್ನೇ ದಾಖಲಿಸಿ ತಮಾಷೆ ಮಾಡಿದ್ದಾಳೆ!

ಅಂತರ್ಯುದ್ಧದ 1640ರ ದಶಕದಿಂದ 1660ರವರೆಗಿನ ದಾಖಲೆಗಳು ಹಲವೆಡೆ ತುಂಡುತುಂಡು. 1752ಕ್ಕೆ ಮೊದಲು ಹೊಸ ವರ್ಷ ಮಾರ್ಚ್ 25ಕ್ಕೆ ಶುರುವಾಗುತ್ತಿತ್ತೆಂಬುದೂ ನೆನಪಿರಬೇಕು. ಮೂಲ ಪುಸ್ತಕ ಕಳೆದಿದ್ದರೆ ಬಿಷಪ್ ಕಚೇರಿಗೆ ವರ್ಷವರ್ಷ ಕಳಿಸುತ್ತಿದ್ದ ನಕಲುಗಳು ಕೈಹಿಡಿಯುತ್ತವೆ. ನೇಮಕಗಳ ಜಾಡಿಗೆ 1858ರಲ್ಲಿ ಆರಂಭವಾದ ಕ್ರಾಕ್‌ಫರ್ಡ್ ಕೈಪಿಡಿಯೂ 1540–1835ರ ಅವಧಿಯ ಪಾದ್ರಿಗಳ ದತ್ತಸಂಚಯವೂ ಇವೆ.