ಕೂಲಿಗೆ ಒಡ್ಡಿದ ದೇಹ: ಔಷಧಪರೀಕ್ಷೆಯ ಚರಿತ್ರೆಯಲ್ಲಿ ಕರಾರುಪತ್ರ

ಕ್ರಿ. ಶ. 1900ನೆಯ ನವೆಂಬರ್ 26ರ ದಿನಾಂಕವನ್ನು ಹೊತ್ತ ಕರಾರುಪತ್ರವೊಂದು ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಸಂಗ್ರಹದಲ್ಲಿ ಉಳಿದುಬಂದಿದೆ. ಸ್ಪ್ಯಾನಿಷ್ ಭಾಷೆಯ ಆ ಪತ್ರಕ್ಕೆ ಇಂಗ್ಲಿಷ್ ರೂಪವೂ ಉಂಟು. ಕ್ಯೂಬಾ ದ್ವೀಪದಲ್ಲಿ ನೆಲಸಿದ್ದ ಅಮೆರಿಕ ಸೈನ್ಯದ ಪೀತಜ್ವರ ಮಂಡಲಿಯು ಅದರ ಒಂದು ಕಕ್ಷಿ. ಸ್ಪೇನಿನಿಂದ ಹೊಟ್ಟೆಪಾಡಿಗಾಗಿ ಅಲ್ಲಿಗೆ ವಲಸೆ ಬಂದಿದ್ದ ಆಂಟೋನಿಯೊ ಬೆನಿಗ್ನೊ ಎಂಬಾತನು ಇನ್ನೊಂದು ಕಕ್ಷಿ. ತನಗೆ 25 ವರ್ಷ ತುಂಬಿದೆಯೆಂದೂ ತಾನು ಸ್ವಇಚ್ಛೆಯಿಂದ ಪ್ರಯೋಗಕ್ಕೆ ಒಪ್ಪಿರುವುದಾಗಿಯೂ ಆತನು ಹೇಳಿಕೊಂಡಿದ್ದಾನೆ. ಪ್ರಯೋಗ ಮುಗಿದ ಮೇಲೆ ಆತನಿಗೆ ಅಮೆರಿಕದ ಚಿನ್ನದ ನಾಣ್ಯದಲ್ಲಿ 100 ಡಾಲರು. ಶಿಬಿರದಲ್ಲಿರುವಾಗ ಪೀತಜ್ವರ ಬಂದು ಗುಣವಾದರೆ ಮತ್ತೆ 100 ಡಾಲರು. ಜ್ವರದಿಂದ ಸತ್ತರೆ ಆ 200 ಡಾಲರು ಆತನು ಹೆಸರಿಸಿದವರಿಗೆ ಸಲ್ಲತಕ್ಕದ್ದು. ಪ್ರಯೋಗದ ಅವಧಿ ಮುಗಿಯುವ ಮೊದಲು ಶಿಬಿರದ ಎಲ್ಲೆಯನ್ನು ದಾಟಿ ಹೊರಗೆ ಹೋದರೆ ಸಕಲ ಹಕ್ಕೂ ನಷ್ಟ.

ವೈದ್ಯಕೀಯ ಪ್ರಯೋಗಕ್ಕೆ ಒಳಗಾಗುವವನ ಲಿಖಿತ ಒಪ್ಪಿಗೆಯ ಚರಿತ್ರೆಯನ್ನು ಬರೆಯುವವರು ಈ ಪತ್ರಕ್ಕೆ ಗೌರವದ ಸ್ಥಾನವನ್ನು ಕೊಡುವುದುಂಟು. ಅದು ಉಚಿತವೇ. ಅಪಾಯವಿದೆಯೆಂದು ಬಾಯಿಬಿಟ್ಟು ಹೇಳಿ ಸಹಿ ಪಡೆಯುವ ಪದ್ಧತಿ ಅಂದಿಗೆ ಅಪರೂಪವಾಗಿತ್ತು. ಆದರೆ ಈ ಲೇಖಕನ ದೃಷ್ಟಿಗೆ ಪತ್ರದ ಕೊನೆಯ ಕಲಮು ಮೊದಲನೆಯದಕ್ಕಿಂತ ಹೆಚ್ಚು ಅರ್ಥಗರ್ಭಿತವಾಗಿ ತೋರುತ್ತದೆ. ಬರುವಾಗ ಸ್ವತಂತ್ರನಾಗಿ ಬಂದವನು ಹೋಗುವಾಗ ಬರಿಗೈಯಲ್ಲಿ ಹೋಗಬೇಕು. ಹಣಕ್ಕಾಗಿ ಔಷಧಪರೀಕ್ಷೆಗೆ ಮೈಯೊಡ್ಡುವವನ ಅಪಾಯವನ್ನು ಕುರಿತು ಮಾತನಾಡುವಾಗ ನಾವು ಸಾಮಾನ್ಯವಾಗಿ ಔಷಧದ ಗುಣದೋಷಗಳನ್ನೇ ನೋಡುತ್ತೇವೆ. ನಡುವಿನಲ್ಲಿ ಎದ್ದು ಹೋಗುವ ಸ್ವಾತಂತ್ರ್ಯ ಆತನಿಗೆ ಎಷ್ಟಿತ್ತು ಎಂಬುದನ್ನು ನೋಡುವುದು ಕಡಿಮೆ.

ಕ್ಯೂಬಾದ ಪ್ರಸಂಗವನ್ನು ಸ್ವಲ್ಪ ವಿವರವಾಗಿ ನೋಡಬೇಕು. ಪೀತಜ್ವರವನ್ನು ಸೊಳ್ಳೆ ಹರಡುತ್ತದೆಯೆಂದು ಹವಾನಾ ನಗರದ ವೈದ್ಯ ಕಾರ್ಲೋಸ್ ಫಿನ್ಲೆ 1881ರಲ್ಲಿಯೇ ಹೇಳಿದ್ದರು, ನಂಬಿದವರು ವಿರಳ. ವಾಲ್ಟರ್ ರೀಡ್, ಜೇಮ್ಸ್ ಕ್ಯಾರೊಲ್, ಜೆಸ್ಸಿ ಲಜಿಯರ್, ಅರಿಸ್ತಿದೆಸ್ ಅಗ್ರಮೊಂತೆ ಎಂಬ ನಾಲ್ವರ ಮಂಡಲಿಯು 1900ರಲ್ಲಿ ಈ ಊಹೆಯ ಪರೀಕ್ಷೆಗೆ ತೊಡಗಿತು. ಮೊದಲು ಮೈಯೊಡ್ಡಿದವರು ವೈದ್ಯರೇ. ಆಗಸ್ಟ್ 27ರಂದು ಕ್ಯಾರೊಲ್ ತಮ್ಮ ತೋಳನ್ನು ಸೊಳ್ಳೆಗೆ ಕೊಟ್ಟು, ಕಾಯಿಲೆ ಬಿದ್ದು, ಸಾವಿನ ಅಂಚನ್ನು ಮುಟ್ಟಿ ಬದುಕಿಕೊಂಡರು. ಲಜಿಯರ್ ಬದುಕಲಿಲ್ಲ, ಸೆಪ್ಟೆಂಬರ್ 25ರಂದು ತೀರಿಕೊಂಡರು. ಆ ಬಳಿಕ ರೀಡ್ ಅವರು ನವೆಂಬರ್ 20ರಂದು ಲಜಿಯರ್ ಹೆಸರಿನ ಶಿಬಿರವನ್ನು ತೆರೆದರು. ಗವರ್ನರ್ ಜನರಲ್ ಲಿಯೊನಾರ್ಡ್ ವುಡ್ ಸ್ವಯಂಸೇವಕರ ಸಂಭಾವನೆಗೆ ಹಣವನ್ನು ಮಂಜೂರು ಮಾಡಿದರು. ವೈದ್ಯರ ಸ್ಥಾನಕ್ಕೆ ಸೈನಿಕರೂ ಕರಾರಿನ ವಲಸೆಗಾರರೂ ಬಂದದ್ದು ಹೀಗೆ.

ಪ್ರಯೋಗದ ಏರ್ಪಾಡು ಮೆಚ್ಚತಕ್ಕದ್ದಾಗಿತ್ತು. ಒಂದು ಮನೆಯಲ್ಲಿ ರೋಗಿಗಳ ವಾಂತಿ ಮಲಗಳಿಂದ ಹೊಲಸಾದ ಹಾಸಿಗೆ ಹೊದಿಕೆಗಳ ಮೇಲೆ ಮೂವರು 20 ರಾತ್ರಿ ಮಲಗಿದರು. ಯಾರಿಗೂ ಜ್ವರ ಬರಲಿಲ್ಲ. ಇನ್ನೊಂದು ಮನೆಯನ್ನು ತಂತಿಯ ಬಲೆಯಿಂದ ಎರಡಾಗಿ ವಿಭಾಗಿಸಿ ಒಂದು ಭಾಗದಲ್ಲಿ ಮಾತ್ರ ಸೊಳ್ಳೆಗಳನ್ನು ಬಿಟ್ಟರು. ಆ ಭಾಗದಲ್ಲಿದ್ದವನಿಗೆ ಮಾತ್ರ ಜ್ವರ ಬಂತು. ಶಿಬಿರದ ಸ್ವಯಂಸೇವಕರಲ್ಲಿ ಯಾರೂ ಸಾಯಲಿಲ್ಲ. ಸೊಳ್ಳೆಯ ಪಾತ್ರವು ಸಿದ್ಧವಾಯಿತು.

ಆದರೆ ಕರಾರುಪತ್ರಕ್ಕೆ ಹಿಂದಿರುಗೋಣ. ಈ ದ್ವೀಪದಲ್ಲಿ ಇರುವವರೆಗೆ ಜ್ವರವನ್ನು ತಪ್ಪಿಸಿಕೊಳ್ಳುವುದು ಸರ್ವಥಾ ಅಸಾಧ್ಯ, ಆದುದರಿಂದ ಒಳ್ಳೆಯ ಶುಶ್ರೂಷೆ ದೊರೆಯುವ ಕಡೆ ತಾನಾಗಿಯೇ ಬರಿಸಿಕೊಳ್ಳುವುದು ಲೇಸು ಎಂಬ ತರ್ಕವನ್ನು ಅಲ್ಲಿ ಸ್ವಯಂಸೇವಕನ ಬಾಯಿಂದಲೇ ಹೇಳಿಸಲಾಗಿದೆ. ಈ ತರ್ಕ ಒಂದು ವರ್ಷವೂ ಬಾಳಲಿಲ್ಲ. ಪ್ರಯೋಗದ ಫಲವನ್ನೇ ಹಿಡಿದು ವಿಲಿಯಂ ಗೋರ್ಗಸ್ ಹವಾನಾದ ಸೊಳ್ಳೆಗಳ ಮೇಲೆ ಯುದ್ಧ ಹೂಡಿದರು. 1901ರ ಸೆಪ್ಟೆಂಬರಿನ ಹೊತ್ತಿಗೆ ನಗರದಲ್ಲಿ ಪೀತಜ್ವರವೇ ಅಡಗಿತು. ತಪ್ಪಿಸಿಕೊಳ್ಳಲಾಗದೆಂದು ಬರೆದಿದ್ದ ರೋಗವನ್ನು ತಪ್ಪಿಸಿಕೊಳ್ಳಬಹುದಾಗಿತ್ತು. ಮಂಡಲಿಯು ಮೋಸಮಾಡಿತೆಂದು ಇದರ ಅರ್ಥವಲ್ಲ, ಅಂದಿನ ತಿಳಿವಳಿಕೆ ಅಷ್ಟೇ ಇತ್ತು. ಆದರೂ ಅಪಾಯದ ಅಳತೆಯನ್ನು ಬರೆಯುವ ಲೇಖನಿ ಯಾವ ಕಕ್ಷಿಯ ಕೈಯಲ್ಲಿತ್ತೆಂಬುದು ಇದರಿಂದ ತಿಳಿಯುತ್ತದೆ.

ಯಾರೂ ಸಾಯಲಿಲ್ಲವೆಂಬ ಸಮಾಧಾನವೂ ಬಹುಕಾಲ ನಿಲ್ಲಲಿಲ್ಲ. ಸೊಳ್ಳೆಯಿಂದ ಹಗುರವಾದ ಜ್ವರವನ್ನು ಬರಿಸಿ ರೋಗನಿರೋಧವನ್ನು ಸಾಧಿಸಬಹುದೆಂಬ ಆಸೆಯಿಂದ ಹುವಾನ್ ಗಿತೆರಾಸ್ ಎಂಬ ವೈದ್ಯರು 1901ರಲ್ಲಿ ಹವಾನಾದ ಲಾಸ್ ಅನಿಮಾಸ್ ಆಸ್ಪತ್ರೆಯಲ್ಲಿ ಹೊಸ ಪ್ರಯೋಗವನ್ನು ಆರಂಭಿಸಿದರು. ನ್ಯೂಜೆರ್ಸಿಯ ದಾದಿ ಕ್ಲಾರಾ ಮಾಸ್ 100 ಡಾಲರಿಗೆ ಅದರಲ್ಲಿ ಸೇರಿದಳು. ಆಕೆಗೆ ಆಗ 25 ವರ್ಷ. ಆಗಸ್ಟ್ 14ರಂದು ಸೊಳ್ಳೆ ಕಚ್ಚಿತು, 24ರಂದು ಆಕೆ ಸತ್ತಳು. ಆ ಪ್ರಯೋಗಮಾಲೆಯಲ್ಲಿ ಸತ್ತವರು ಮೂವರು. ಉಳಿದಿಬ್ಬರು ಸ್ಪೇನಿನ ವಲಸೆಗಾರರು. ಕ್ಲಾರಾ ಮಾಸ್‌ಳ ಚಿತ್ರವುಳ್ಳ ಅಂಚೆಚೀಟಿಯನ್ನು ಕ್ಯೂಬಾ 1951ರಲ್ಲಿಯೂ ಅಮೆರಿಕ 1976ರಲ್ಲಿಯೂ ಹೊರಡಿಸಿದವು. ರೀಡ್ ಅವರ ಪ್ರಯೋಗದಲ್ಲಿ ಭಾಗವಹಿಸಿದವರ ಗೌರವಪಟ್ಟಿಯೊಂದನ್ನು ಅಮೆರಿಕದ ಕಾಂಗ್ರೆಸ್ಸು 1929ರಲ್ಲಿ ರಚಿಸಿ ಚಿನ್ನದ ಪದಕಗಳನ್ನು ಕೊಟ್ಟಿತು. ಅದರಲ್ಲಿ ಮಂಡಲಿಯ ವೈದ್ಯರಿದ್ದಾರೆ, ಸೈನಿಕರಿದ್ದಾರೆ. ಸ್ಪೇನಿನಿಂದ ಬಂದ ಕರಾರಿನವರು ಇಲ್ಲ. ಅವರ ಲೆಕ್ಕ ಚಿನ್ನದ ನಾಣ್ಯದಲ್ಲಿಯೇ ಚುಕ್ತವಾಗಿತ್ತೆಂದು ಭಾವಿಸಿದ್ದಿರಬಹುದು. ಊರು ಬಿಟ್ಟು ಪರಸ್ಥಳದಲ್ಲಿ ಬಾಳುವ ನಮ್ಮಂಥವರಿಗೆ ಈ ಪಟ್ಟಿಯನ್ನು ಓದುವಾಗ ಕೊಂಚ ಇರಿಸುಮುರಿಸಾದರೆ ಅದು ಅಸಹಜವಲ್ಲ.

ಹಣ ಬರುವುದಕ್ಕೆ ಮೊದಲು ಸಂಭಾವನೆಯು ಬೇರೊಂದು ರೂಪದಲ್ಲಿತ್ತು. 1721ರ ಆಗಸ್ಟ್ 9ರಂದು ಲಂಡನ್ನಿನ ನ್ಯೂಗೇಟ್ ಸೆರೆಮನೆಯ ಆರು ಮಂದಿ ಕೈದಿಗಳಿಗೆ, ಮೂವರು ಗಂಡಸರು ಮೂವರು ಹೆಂಗಸರು, ಸಿಡುಬಿನ ಕೀವನ್ನು ಚರ್ಮದೊಳಗೆ ಸೇರಿಸಲಾಯಿತು. ರಾಜಪುತ್ರಿಯರಿಗೆ ಈ ಕ್ರಮವನ್ನು ಅನುಸರಿಸುವ ಮುನ್ನ ಅದರ ಕ್ಷೇಮವನ್ನು ತಿಳಿಯಬೇಕಾಗಿತ್ತು. ಆರು ಮಂದಿಯೂ ಬದುಕಿದರು, ಸೆಪ್ಟೆಂಬರಿನಲ್ಲಿ ಬಿಡುಗಡೆ ಹೊಂದಿದರು. ಕೊಟ್ಟ ಬೆಲೆ ಪ್ರಾಣ. ಅವರಲ್ಲೊಬ್ಬನ ಮೈಯಲ್ಲಿ ಕೀವು ಏನನ್ನೂ ಮಾಡಲಿಲ್ಲ. ಅವನಿಗೆ ಹಿಂದೆಯೇ ಸಿಡುಬು ಬಂದುಹೋಗಿತ್ತು. ಸಣ್ಣ ಸಂಗತಿಯಾದರೂ ಮುಂದಿನ ಚರಿತ್ರೆಗೆ ಇದು ಮುನ್ಸೂಚನೆ. ಪ್ರತಿಫಲವು ದೊಡ್ಡದಾದಷ್ಟೂ ಮೈಯೊಡ್ಡುವವನು ತನ್ನ ಪೂರ್ವವೃತ್ತಾಂತವನ್ನು ಪೂರ್ತಿ ಹೇಳುವ ಸಂಭವ ಕಡಿಮೆಯಾಗುತ್ತದೆ.

ಮುಂಬಯಿಯ ವಾಚಕರಿಗೆ ಹಾಫ್‌ಕಿನ್ ಅವರ ನೆನಪು ಬಾರದಿರದು. 1897ರ ಜನವರಿ 10ರಂದು ಪ್ಲೇಗಿನ ಲಸಿಕೆಯನ್ನು ಅವರು ಮೊದಲು ತಮ್ಮ ಮೈಗೇ ಚುಚ್ಚಿಸಿಕೊಂಡರು. ಬೈಕಲಾ ಸೆರೆಮನೆಯ ಕೈದಿಗಳ ಸರದಿ ಬಂದದ್ದು ಅನಂತರ. ತಯಾರಿಸಿದವನೇ ಮೊದಲು ಕುಡಿದು ತೋರಿಸುವ ಈ ಪದ್ಧತಿ ಔಷಧಗಳು ಕಾರ್ಖಾನೆಯ ಸರಕಾದ ಮೇಲೆ ಉಳಿಯಲಿಲ್ಲ, ಕಾರ್ಖಾನೆಗೆ ಮೈಯೆಲ್ಲಿ? ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಅಮೆರಿಕವು ಈ ಕೊರತೆಯನ್ನು ಸೆರೆಮನೆಗಳಿಂದ ತುಂಬಿಕೊಂಡಿತು. ಫಿಲಡೆಲ್ಫಿಯಾದ ಹೋಮ್ಸ್‌ಬರ್ಗ್ ಸೆರೆಮನೆಯಲ್ಲಿ 1951ರಿಂದ 1974ರವರೆಗೆ ಆಲ್ಬರ್ಟ್ ಕ್ಲಿಗ್ಮನ್ ಎಂಬ ಚರ್ಮವೈದ್ಯರು ಕೈದಿಗಳ ಬೆನ್ನಿನ ಮೇಲೆ ಮುಲಾಮುಗಳನ್ನೂ ಸೋಪುಗಳನ್ನೂ, ಕೊನೆಗೆ ಡಯಾಕ್ಸಿನ್ ಎಂಬ ಘೋರ ವಿಷವನ್ನೂ ಪರೀಕ್ಷಿಸಿದರು. ಸೆರೆಮನೆಯ ಕೆಲಸಕ್ಕೆ ಸಿಗುತ್ತಿದ್ದ ಕಾಸಿಗಿಂತ ಪ್ರಯೋಗದ ಕಾಸು ಬಹಳ ಹೆಚ್ಚಾಗಿತ್ತು. ಹೊರಗೆ ಅಲ್ಪವೆನಿಸುವ ಹಣ ಗೋಡೆಯ ಒಳಗೆ ಐಶ್ವರ್ಯವಾಗುತ್ತದೆ. ಎಪ್ಪತ್ತರ ದಶಕದಲ್ಲಿ ಈ ಬಾಗಿಲು ಮುಚ್ಚಿದ ಮೇಲೆ ಕಂಪೆನಿಗಳು ಸ್ವತಂತ್ರ ನಾಗರಿಕರ ಕಡೆಗೆ ತಿರುಗಿದವು; ಹಣಕ್ಕೆ ಬರುವ ಆರೋಗ್ಯವಂತರ ಒಂದು ವರ್ಗವೇ ಬೆಳೆಯಿತು.

ಈ ವರ್ಗಕ್ಕೂ ‘ಸ್ವಯಂಸೇವಕ’ರೆಂಬ ಹೆಸರೇ ಉಳಿದಿರುವುದು ಭಾಷೆಯ ವಿನೋದಗಳಲ್ಲೊಂದು. 1924ರ ಬೆಳಗಾವಿ ಕಾಂಗ್ರೆಸ್ಸನ್ನೂ ಡಾ. ನಾ. ಸು. ಹರ್ಡೀಕರರ ಸೇವಾದಳವನ್ನೂ ಬಲ್ಲ ಕನ್ನಡಿಗನಿಗೆ ಆ ಪದದಲ್ಲಿ ಕೂಲಿಯ ವಾಸನೆಯೇ ಇಲ್ಲ. ಪದವನ್ನು ಹೀಗೆ ಉಳಿಸಿಕೊಂಡುದರಿಂದ ಒಂದು ಅನುಕೂಲವಾಯಿತು: ದುಡಿಮೆಗಾರನಾಗಿದ್ದರೆ ಕೇಳಬಹುದಾಗಿದ್ದ ಹಕ್ಕುಗಳನ್ನು ಸೇವಕನು ಕೇಳಲಾರ. ಇಂದಿನ ನೀತಿಸಂಹಿತೆಗಳು ಕೊಡುವ ಹಣವನ್ನು ಕಾಲವ್ಯಯಕ್ಕೂ ತೊಂದರೆಗೂ ಸಲ್ಲುವ ಹಣವೆಂದು ಕರೆಯುತ್ತವೆ, ಅಪಾಯದ ಬೆಲೆಯೆಂದು ಕರೆಯುವುದಿಲ್ಲ. ಅತಿಯಾದ ಹಣ ಮನಸ್ಸನ್ನು ಕುರುಡಾಗಿಸೀತೆಂಬ ಭಯ ಇದರ ಹಿಂದಿದೆ. ಭಯ ನ್ಯಾಯವಾದುದೇ. ಆದರೆ ಕ್ಯೂಬಾದ ಪತ್ರವು ಜ್ವರಕ್ಕೊಂದು ಬೆಲೆಯನ್ನೂ ಸಾವಿಗೊಂದು ಬೆಲೆಯನ್ನೂ ಮುಚ್ಚುಮರೆಯಿಲ್ಲದೆ ಬರೆದಿತ್ತೆಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು.

ಬರೆಯದ ಅಪಾಯ ಎಂತಹದೆಂಬುದು 2006ರ ಮಾರ್ಚ್ 13ರಂದು ಲಂಡನ್ನಿನ ನಾರ್ತ್‌ವಿಕ್ ಪಾರ್ಕ್ ಆಸ್ಪತ್ರೆಯ ಆವರಣದಲ್ಲಿ ಕಾಣಿಸಿತು. ಟಿಜಿಎನ್ 1412 ಎಂಬ ಹೊಸ ಔಷಧವನ್ನು ಮನುಷ್ಯರಿಗೆ ಮೊಟ್ಟಮೊದಲು ಕೊಡುವ ದಿನ ಅದು. ದೇಹದ ರಕ್ಷಣಾಕಣಗಳನ್ನು ಪ್ರಚೋದಿಸುವ ಈ ಔಷಧವನ್ನು ಜರ್ಮನಿಯ ಟೆಜೆನೆರೊ ಸಂಸ್ಥೆ ತಯಾರಿಸಿತ್ತು. ಪರೀಕ್ಷೆಯನ್ನು ಪರೆಕ್ಸೆಲ್ ಸಂಸ್ಥೆ ನಡೆಸಿತು. ಎಂಟು ಮಂದಿ ಯುವಕರು; ತಲೆಗೆ 2,000 ಪೌಂಡು. ಆರು ಮಂದಿಗೆ ಔಷಧ, ಇಬ್ಬರಿಗೆ ಔಷಧವಿಲ್ಲದ ದ್ರಾವಣ. ಕೊಟ್ಟ ಪ್ರಮಾಣವು ಕೋತಿಗಳಿಗೆ ಸುರಕ್ಷಿತವೆಂದು ಕಂಡ ಪ್ರಮಾಣದ 500ನೆಯ ಒಂದು ಭಾಗ ಮಾತ್ರ. ಸುಮಾರು ಹತ್ತು ಹತ್ತು ನಿಮಿಷಗಳ ಅಂತರದಲ್ಲಿ ಒಬ್ಬರಾದ ಮೇಲೊಬ್ಬರ ರಕ್ತನಾಳಕ್ಕೆ ಅದನ್ನು ಹರಿಸಲಾಯಿತು. ಸುಮಾರು ಒಂದೂವರೆ ಗಂಟೆಯೊಳಗೆ ತಲೆನೋವು, ಬೆನ್ನುನೋವು, ಚಳಿನಡುಕ. ಮರುದಿನದ ಹೊತ್ತಿಗೆ ಔಷಧ ಪಡೆದ ಆರು ಮಂದಿಯೂ ಪ್ರಾಣಾಂತಿಕ ಸ್ಥಿತಿಯಲ್ಲಿದ್ದರು. ಶ್ವಾಸಕೋಶ ಮೂತ್ರಪಿಂಡಗಳು ಸೋತವು. ಎಲ್ಲರೂ ಬದುಕಿದರೆಂಬುದು ವೈದ್ಯರ ಸಾಹಸ. ಒಬ್ಬನು ಕಾಲ್ಬೆರಳುಗಳನ್ನೂ ಕೈಬೆರಳುಗಳ ತುದಿಗಳನ್ನೂ ಕಳೆದುಕೊಂಡನು. ಔಷಧವು ಹಿಡಿಯಬೇಕಾದ ಗುರುತು ಮನುಷ್ಯನ ಕೆಲವು ರಕ್ಷಣಾಕಣಗಳ ಮೇಲೆ ಉಂಟು, ಆ ಕೋತಿಗಳ ಅದೇ ಜಾತಿಯ ಕಣಗಳ ಮೇಲೆ ಇಲ್ಲ ಎಂಬುದು ಅನಂತರದ ಸಂಶೋಧನೆಯಿಂದ ತಿಳಿದುಬಂದಿತು.

ಕೋತಿಗೂ ಮನುಷ್ಯನಿಗೂ ಇರುವ ಈ ಭೇದ ಮುಂಚಿತವಾಗಿ ತಿಳಿಯದಿದ್ದುದನ್ನು ಕ್ಷಮಿಸಬಹುದು. ಹತ್ತು ನಿಮಿಷದ ಅಂತರವನ್ನು ಕ್ಷಮಿಸುವುದು ಕಷ್ಟ. ಮೊದಲನೆಯವನು ನರಳತೊಡಗುವ ಹೊತ್ತಿಗೆ ಆರನೆಯವನ ಮೈಯೊಳಗೂ ಔಷಧ ಸೇರಿಯಾಗಿತ್ತು. ಒಬ್ಬನಿಗೆ ಕೊಟ್ಟು ಒಂದು ದಿನ ಕಾದಿದ್ದರೆ ಐವರು ಪಾರಾಗುತ್ತಿದ್ದರು. ಯಾವಾಗ ಬೇಕಾದರೂ ಬಿಟ್ಟುಹೋಗಬಹುದೆಂದು ಒಪ್ಪಿಗೆಯ ಪತ್ರಗಳಲ್ಲಿ ಇಂದು ತಪ್ಪದೆ ಬರೆಯುತ್ತಾರೆ; ಸೂಜಿ ಚುಚ್ಚಿದ ಮೇಲೆ ಔಷಧವನ್ನು ಮೈಯೊಳಗೆ ಬಿಟ್ಟು ಎಲ್ಲಿಗೆ ಹೋಗುವುದು? ಸರ್ ಗಾರ್ಡನ್ ಡಫ್ ಅವರ ಅಧ್ಯಕ್ಷತೆಯ ತಜ್ಞರ ಸಮಿತಿಯು ಅದೇ ವರ್ಷದ ಡಿಸೆಂಬರಿನಲ್ಲಿ 22 ಶಿಫಾರಸುಗಳನ್ನು ಮಾಡಿತು. ಒಬ್ಬರನ್ನು ಸಾಕಷ್ಟು ಕಾಲ ಗಮನಿಸಿದ ಮೇಲೆಯೇ ಮುಂದಿನವರಿಗೆ ಕೊಡಬೇಕೆಂಬುದು ಅವುಗಳಲ್ಲಿ ಮುಖ್ಯ. ಟೆಜೆನೆರೊ ಸಂಸ್ಥೆಯು ಆ ವೇಳೆಗೆ ದಿವಾಳಿಯೆದ್ದಿತ್ತು.

ಪಾಠ ಕಲಿತೆವೆಂದು ಭಾವಿಸಿದ ಹತ್ತು ವರ್ಷಗಳಿಗೆ ಫ್ರಾನ್ಸಿನ ರೆನ್ ನಗರದಲ್ಲಿ ಮತ್ತೊಂದು ಅನಾಹುತ ನಡೆಯಿತು. ಸಂಭಾವನೆ 1,900 ಯೂರೋ. ಪೋರ್ಚುಗಲ್ಲಿನ ಬಿಯಲ್ ಸಂಸ್ಥೆಯ ಔಷಧವನ್ನು ಚಿಕ್ಕ ಪ್ರಮಾಣಗಳಲ್ಲಿ ಹಲವರಿಗೆ ಕೊಟ್ಟಾಗ ಏನೂ ಆಗಿರಲಿಲ್ಲ. ದಿನಕ್ಕೆ 50 ಮಿಲಿಗ್ರಾಮಿನ ತಂಡದ ಒಬ್ಬನು 2016ರ ಜನವರಿ 10ರ ಸಂಜೆ ಆಸ್ಪತ್ರೆ ಸೇರಿದನು. ಮರುದಿನ ಬೆಳಗ್ಗೆ ಉಳಿದ ಐವರಿಗೆ ಎಂದಿನಂತೆ ಔಷಧ ಕೊಟ್ಟರು! ಆಸ್ಪತ್ರೆ ಸೇರಿದವನು 17ರಂದು ಸತ್ತನು. ಉಳಿದವರಲ್ಲಿ ನಾಲ್ವರಿಗೆ ನರಮಂಡಲದ ತೊಂದರೆ ಕಾಣಿಸಿಕೊಂಡಿತು. ಫ್ರಾನ್ಸಿನ ಸರಕಾರದ ತನಿಖಾಧಿಕಾರಿಗಳು ಎತ್ತಿ ತೋರಿಸಿದ ದೋಷಗಳಲ್ಲಿ ಒಂದು ಹೀಗಿದೆ: ಜತೆಯವನ ಸ್ಥಿತಿಯನ್ನು ಉಳಿದವರಿಗೆ ಸರಿಯಾಗಿ ತಿಳಿಸಿ, ಮುಂದುವರಿಯಲು ಒಪ್ಪುವಿರಾ ಎಂದು ಕೇಳಲಿಲ್ಲ. ಎದ್ದು ಹೋಗುವ ಹಕ್ಕು ಕಾಗದದಲ್ಲಿತ್ತು. ಅದನ್ನು ಬಳಸಲು ಬೇಕಾದ ಸುದ್ದಿ ಪಕ್ಕದ ಕೋಣೆಯಲ್ಲಿ ಉಳಿಯಿತು.

ಇಂತಹ ಫ್ರಾನ್ಸಿನಲ್ಲಿಯೇ, 1988ರ ಕಾನೂನಿನ ಬಳಿಕ, ಸ್ವಯಂಸೇವಕರ ಹೆಸರುಗಳನ್ನು ಬರೆದಿಡುವ ರಾಷ್ಟ್ರೀಯ ದಾಖಲೆ ಇತ್ತೆಂಬುದನ್ನೂ ಹೇಳಬೇಕು. ಒಬ್ಬನೇ ಒಂದು ಪ್ರಯೋಗದಿಂದ ಇನ್ನೊಂದಕ್ಕೆ ಓಡದಂತೆ ಅದು ತಡೆಯುತ್ತದೆ. ವರ್ಷಕ್ಕೆ ಪಡೆಯಬಹುದಾದ ಹಣಕ್ಕೆ ಆಗ 4,500 ಯೂರೋಗಳ ಮಿತಿಯೂ ಇತ್ತು. ಹೈದರಾಬಾದು, ಅಹಮದಾಬಾದು, ಬೆಂಗಳೂರು, ಮುಂಬಯಿಗಳಲ್ಲಿ ಹಣಕ್ಕೆ ನಡೆಯುವ ಪರೀಕ್ಷೆಗಳು ಬಹುಮಟ್ಟಿಗೆ ಬೇರೆ ಜಾತಿಯವು. ಪರಿಚಿತ ಔಷಧವನ್ನು ಬೇರೊಂದು ಕಂಪೆನಿ ತಯಾರಿಸಿದಾಗ ಅದು ಮೂಲದಷ್ಟೇ ರಕ್ತದಲ್ಲಿ ಸೇರುತ್ತದೆಯೆ ಎಂದು ನೋಡುವುದು ಅವುಗಳ ಗುರಿ. ಅಜ್ಞಾತ ವಿಷದ ಭಯ ಇಲ್ಲಿ ಕಡಿಮೆ. ಒಂದು ಔಷಧ ಮೈಯಿಂದ ಕಳೆಯುವ ಮೊದಲೇ ಇನ್ನೊಂದು ಕೇಂದ್ರದ ಬಾಗಿಲು ತಟ್ಟುವುದು, ಹಿಂದೆ ಕೊಟ್ಟ ರಕ್ತದ ಲೆಕ್ಕವನ್ನು ಮರೆಮಾಚುವುದು ಇಲ್ಲಿಯ ಅಪಾಯ. ನ್ಯೂಗೇಟಿನ ಸಿಡುಬು ಬಂದುಹೋದ ಕೈದಿಯನ್ನು ಇಲ್ಲಿ ನೆನೆಯಬಹುದು. ಫ್ರಾನ್ಸಿನಂತಹ ರಾಷ್ಟ್ರೀಯ ದಾಖಲೆಗೆ ನಮ್ಮ 2019ರ ಹೊಸ ಔಷಧ ಮತ್ತು ಚಿಕಿತ್ಸಾ ಪರೀಕ್ಷೆಗಳ ನಿಯಮಗಳಲ್ಲಿ ಎಡೆ ದೊರೆಯಲಿಲ್ಲ.

ಪರಿಹಾರದ ಲೆಕ್ಕಕ್ಕೆ ಮಾತ್ರ ಆ ನಿಯಮಗಳು ಸೂತ್ರವನ್ನೇ ಕೊಟ್ಟಿವೆ. ಮೂಲಧನ 8 ಲಕ್ಷ ರೂಪಾಯಿ. ಅದನ್ನು ವಯಸ್ಸಿನ ಅಂಕಿಯಿಂದಲೂ ಅಪಾಯದ ಅಂಕಿಯಿಂದಲೂ ಗುಣಿಸಿ 99.37ರಿಂದ ಭಾಗಿಸಬೇಕು. ಸಾವಿನ ಅಂಚಿನಲ್ಲಿರುವ ರೋಗಿಗೆ ಅಪಾಯದ ಅಂಕಿ ಅರ್ಧ, ಆರೋಗ್ಯವಂತನಿಗೆ ನಾಲ್ಕು. ಎಂದರೆ ಪರೀಕ್ಷೆಯ ಕಾರಣದಿಂದ ಸತ್ತ ಆರೋಗ್ಯವಂತನ ವಾರಸುದಾರರಿಗೆ 32 ಲಕ್ಷಕ್ಕೆ ಕಡಿಮೆಯಾಗದ ಹಣ ಸಲ್ಲಬೇಕು. ಸತ್ತವನ ವಯಸ್ಸು ಚಿಕ್ಕದಾದಷ್ಟೂ ಅದು ಏರುತ್ತದೆ. ಕ್ಯೂಬಾದ 200 ಡಾಲರಿಗೆ ಹೋಲಿಸಿದರೆ ಇದು ನಿಸ್ಸಂದೇಹವಾಗಿ ಮುನ್ನಡೆ. ಆದರೆ ಸಾವಿಗೆ ಔಷಧವೇ ಕಾರಣವೆಂದು ತೀರ್ಮಾನವಾಗಬೇಕು. ಕೂಲಿಗೆ ಬಂದವನ ಮನೆಯವರಿಗೆ ಅವನು ಎಲ್ಲಿದ್ದನೆಂಬುದು ತಿಳಿದಿರಬೇಕು. ಎಷ್ಟೋ ಸಲ ಮನೆಯವರಿಗೆ ಹೇಳದೆಯೇ ಈ ಕೆಲಸಕ್ಕೆ ಹೋಗುತ್ತಾರೆ.

ಇದಕ್ಕಾಗಿಯೇ ಇರಬೇಕು, 2013ರ ತಿದ್ದುಪಡಿಯಿಂದ ನಮ್ಮ ಒಪ್ಪಿಗೆಪತ್ರದಲ್ಲಿ ಕೆಲವು ಅಂಕಣಗಳು ಸೇರಿದವು: ಸ್ವಯಂಸೇವಕನ ವಿದ್ಯೆ, ಉದ್ಯೋಗ, ವಾರ್ಷಿಕ ಆದಾಯ, ಅವುಗಳ ಕೆಳಗೆ, ಆತನು ಸತ್ತರೆ ಹಣವನ್ನು ಯಾರಿಗೆ ಕೊಡಬೇಕೋ ಅವರ ಹೆಸರು, ವಿಳಾಸ ಮತ್ತು ಸಂಬಂಧ. ಭರ್ತಿಮಾಡಿದ ಆ ಪತ್ರದ ಒಂದು ಪ್ರತಿಯನ್ನು ಆತನ ಕೈಗೆ ಅಥವಾ ಜತೆಗಾರನ ಕೈಗೆ ಕೊಡತಕ್ಕದ್ದೆಂದೂ ನಿಯಮವಿದೆ.